ಅಂಟಿನ ಹಿಂದಿನ ಅಕ್ಷರ

ಜನವರಿ 8, ಬೆಳಿಗ್ಗೆ 9.40

ಬಿಸಿಲು ಟೇಬಲ್ಲಿಗೆ ಬರಲೆಂದು ಕಾಯುತ್ತಿದ್ದೇನೆ. ಚಳಿಗೆ ಫ್ಲೆಕ್ಸ್ ಬಿರುಸು, ಸ್ಟಿಕರಿನ ಅಂಟೂ ಮಂಕು. ಹತ್ತು ನಿಮಿಷ ಕಾದರೆ ಎರಡೂ ಮಾತು ಕೇಳುತ್ತವೆ.

ನಿನ್ನೆಯ ಬ್ಯಾನರಿನಲ್ಲಿ ಒಂದು ಗುಳ್ಳೆ ಉಳಿಯಿತು. ಕಡಲೆಕಾಳಿನಷ್ಟು. ಗಿರಾಕಿ ನೋಡಲಿಲ್ಲ. ಅವಸರದಲ್ಲಿ ಅಂಚಿನಿಂದ ಒತ್ತಿದ್ದೆ. ನಡುವಿನಿಂದ ಹೊರಕ್ಕೆ ಒತ್ತಬೇಕು. ಗಾಳಿ ಹೋಗಲು ದಾರಿ ಬಿಡಬೇಕು. ಇಷ್ಟನ್ನು ಪ್ರತಿ ವಾರ ಹೊಸದಾಗಿ ಕಲಿಯುತ್ತೇನೆ.

11.15

ಫೋನ್. "ಉಮೇಶಣ್ಣ, ನಾ ಜಹೀದಾ, ನರಗುಂದದಿಂದ. ಕಾಶೀಂಸಾಬರ ಮಗಳು." ತಂದೆಯ ಹೆಸರನ್ನೂ ಹೇಳಬೇಕೆನಿಸಿತಲ್ಲ ಅವಳಿಗೆ. ಹದಿಮೂರು ವರ್ಷ ಮಾತೇ ಇಲ್ಲ... ಸರಿಯೇ.

ಹೊಲಿಗೆ ಕ್ಲಾಸು ತೆರೆಯುತ್ತಾಳಂತೆ, ಫೆಬ್ರವರಿ ಒಂದಕ್ಕೆ. ಬ್ಯಾನರ್ ಬೇಕು: ಹಸನಬಿ ಹೊಲಿಗೆ ಶಾಲೆ. ಹಸನಬಿ ಅವಳ ತಾಯಿ. ತೀರಿಕೊಂಡು ಎರಡು ವರ್ಷ.

"ಅಕ್ಷರ ಅಬ್ಬಾಂದಽ ಇರಬೇಕಣ್ಣ."

"ಅವರ ಕಡಿಂದನ ಬರಸು."

"ಕಣ್ಣು ಹೋಗ್ಯಾವು. ಸಕ್ಕರಿ ಬ್ಯಾನಿ. ಬೆಳಕು ಯಾವ್ದು, ಕತ್ತಲಿ ಯಾವ್ದು ಅಷ್ಟ ತಿಳೀತೈತಿ. ಅವರ ಹಳೇ ಬೋರ್ಡ್ ಎಲ್ಲರ ಇದ್ರ ನೋಡಿ, ಹಂಗ ಕಟ್ ಮಾಡಿ ಅಂಟಿಸಿ ಕೊಡು. ಪ್ರಿಂಟ್ ಬ್ಯಾಡ. ಒಂದು ಬ್ಯಾಸಗಿಗೆ ಬೆಳ್ಳಗಾಗ್ತೈತಿ."

"ನಾ ಮಾಡ್ತೀನಂತ ಗೊತ್ತೈತೇನು ಅವರಿಗೆ?"

"ಇನ್ನೂ ಹೇಳಿಲ್ಲ. ನೀನು ಬಂದು ಹೇಳಬೇಕು."

ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆನೋ.

ಜನವರಿ 9

ಕಾಶೀಂಸಾಬರು ನನಗೆ ಉಸ್ತಾದ. ಬೋರ್ಡು ಕೈಯಿಂದ ಬರೆದವರು ಅವರು. ಏಣಿ ಹಿಡಿದವನು ನಾನು. ಏಳು ವರ್ಷ. ಸೀಮೆಸುಣ್ಣ ತೀಡಿದ ದಾರವನ್ನು ಇಬ್ಬರೂ ಎರಡು ತುದಿಗೆ ಹಿಡಿದು ಟಪ್ಪೆಂದು ಬಿಟ್ಟರೆ ಬೋರ್ಡಿನ ಮೇಲೆ ಬಿಳಿ ಗೆರೆ. ಟರ್ಪೆಂಟೈನಿನ ವಾಸನೆ. ಗೆರೆ ಎಳೆಯುವಾಗ ಅವರು ಉಸಿರು ಹಿಡಿಯುತ್ತಿದ್ದರು. ಕೆಳಗೆ ನಾನೂ ಹಿಡಿಯುತ್ತಿದ್ದೆ, ಯಾಕೆಂದು ಯಾರೂ ಹೇಳಿರಲಿಲ್ಲ.

ಅವರದೊಂದು ರೂಢಿ ಇತ್ತು. ಬೋರ್ಡಿನ ಕಡೆಯ ಗೆರೆಯನ್ನು ತಾವು ಎಳೆಯುತ್ತಿರಲಿಲ್ಲ. ಕೆಳಗಿಳಿದು ಬಂದು ಬ್ರಷ್ ನನ್ನ ಕೈಗೆ. "ಏಣಿ ಹಿಡದವಂದೂ ಒಂದು ಗೆರಿ ಇರಬೇಕಲೇ." ತಾವು ಏಣಿ ಹಿಡಿಯುತ್ತಿದ್ದರು. ತಾಲ್ಲೂಕಿನ ತುಂಬ ಅವರ ಬೋರ್ಡುಗಳಲ್ಲಿ ಒಂದೊಂದು ಗೆರೆ ನನ್ನದು.

2012ರಲ್ಲಿ ಕಟಿಂಗ್ ಮಷೀನ್ ತಂದೆ. ಮೊದಲ ಕೆಲಸ ಇಲ್ಲೇ, ಗಜೇಂದ್ರಗಡದ ಬಾಬುಸಾಬನ ಶಾಮಿಯಾನ ಅಂಗಡಿಯದು. ಹೊಸ ತಗಡು ಯಾಕೆಂದು ಹಳೆಯ ಬೋರ್ಡಿನ ಮೇಲೆಯೇ ಕೆಂಪು ಸ್ಟಿಕರಿನ ಹಾಳೆ ಎಳೆದೆ. ಹಳೆಯ ಬೋರ್ಡು ಉಸ್ತಾದರದು. ಅವರು ರಸ್ತೆಯ ಆಚೆ ಚಹಾದಂಗಡಿಯಲ್ಲಿ ಕುಳಿತಿದ್ದರು. ಗೊತ್ತಿತ್ತು ನನಗೆ. ಗೊತ್ತಿರಲಿಲ್ಲ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಎದ್ದು ಬಂದರು. ದನಿ ಏರಿಸಲಿಲ್ಲ. "ಚಲೋ ಕುಂತೈತಿ. ಗಾಳಿ ಇಲ್ಲ." ಅಷ್ಟೇ. ಆಮೇಲೆ ಮಗಳ ಮನೆಗೆ, ನರಗುಂದಕ್ಕೆ ಹೋದರೆಂದು ಕೇಳಿದೆ.

ಜನವರಿ 12

ಜಕ್ಕಲಿ. ಹಿಟ್ಟಿನ ಗಿರಣಿಯ ಬೋರ್ಡು ಇನ್ನೂ ಇದೆ, ಹಿಟ್ಟು ಕುಡಿದು ಬೆಳ್ಳಗಾಗಿದೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಹ ಸಿಕ್ಕಿತು, ನ ಸಿಕ್ಕಿತು, ಗ ಕೂಡ. ಟ್ರೇಸಿಂಗ್ ಕಾಗದ ಇಟ್ಟು ತಿದ್ದುವಾಗ ಪೆನ್ಸಿಲ್ಲು ತಾನೇ ತಿರುಗಿತು. ಗಿರಣಿಯ ಗುಡ್ಡವ್ವ ಹೊರಗೆ ಬಂದು ನೋಡಿದಳು. "ಏನೋ ತಮ್ಮಾ, ಗಿರಣಿ ಜಪ್ತಿಗೆ ಬಂದೇನು?" ಅಕ್ಷರ ಒಯ್ಯಲು ಬಂದೆನೆಂದೆ. "ಒಯ್ಯಿ, ಹಿಟ್ಟು ಅಷ್ಟ ಬಿಟ್ಟು ಹೋಗು."

ಜನವರಿ 17

ರೋಣ. ಬೀಜದಂಗಡಿಯಲ್ಲಿ ಬ. ಮುಚ್ಚಿದ ಸೈಕಲ್ ಅಂಗಡಿಯ ಕದದ ಮೇಲೆ ಸ, ಲ. ಗುಡಿಸು, ಎತ್ವ, ಒತ್ವಗಳನ್ನು ಬೇರೆ ಅಕ್ಷರಗಳಿಂದ ತಂದು ಜೋಡಿಸಬಹುದು. ಇನ್ನು ಶ ಒಂದೇ.

ಜನವರಿ 19

ಹೊಳೆಮಣ್ಣೂರು. ಶಾಲೆಯ ಗೋಡೆಯ ಮೇಲೆ ಅವರು ಬರೆದಿದ್ದು ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಮಲಪ್ರಭೆಯ ದಂಡೆಯಲ್ಲಿ ಕುಳಿತು ರೊಟ್ಟಿ ತಿಂದಿದ್ದೆವು, ಹಸನಬಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿ. ಗೋಡೆಯಿದೆ. ಹೊಳೆ ಎಷ್ಟು ಸಲ ಏರಿಬಂದಿತ್ತೋ, ಗಿಲಾವು ಎದೆಯೆತ್ತರಕ್ಕೆ ಕಿತ್ತುಹೋಗಿದೆ. ಶಾ ಎಂಬಲ್ಲಿ ಮೇಲ್ತುದಿ ಮಾತ್ರ. ಕೆಳಗೆ ಇಟ್ಟಿಗೆ.

ವಾಪಸು ಬರುವಾಗ ಹೊಳೆಯಲ್ಲ, ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಬಾಬುಸಾಬನ ಅಂಗಡಿಯ ಕೆಂಪು ಸ್ಟಿಕರ್. ಅದರಡಿಗೆ ಶಾಮಿಯಾನದ ಶಾ ಇದೆ.

ಜನವರಿ 25, ಮಧ್ಯಾಹ್ನ

ಐದು ದಿನ ಏನೂ ಬರೆಯಲಿಲ್ಲ. ಶ ನಾನೇ ಬರೆದುಬಿಡಬಹುದಿತ್ತು. ಏಳು ವರ್ಷ ನೋಡಿದ ಕೈ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿಕೊಂಡೇ ಸಾಕಾಗಿದೆ.

ಇಂದು ಬಾಬುಸಾಬನ ಅಂಗಡಿಗೆ ಏಣಿ ಒಯ್ದೆ.

"ಏನೋ ಉಮೇಶ, ಹದಿಮೂರು ವರ್ಷದ ಮ್ಯಾಲೆ ರಿಪೇರಿಗೆ ಬಂದೇನು?"

"ಒಂದು ಅಕ್ಷರ ಬೇಕ್ರಿ. ಸ್ಟಿಕರಿನ ಅಡಿಗೆ ಐತಿ."

"ಒಂದಕ್ಷರಕ್ಕ ಇಡೀ ಬೋರ್ಡ್ ಕೀಳ್ತಿ? ನಾಳೆ ಜನಾ ನನ್ನ ಹ್ಯಾಂಗ ಹುಡಕಬೇಕು?"

"ನಿಮ್ಮ ದನಿ ಬಸ್‌ಸ್ಟ್ಯಾಂಡಿಗೆ ಕೇಳ್ತೈತಿ ಬಿಡ್ರಿ. ಹೊಸಾದು ನಾಳೆನ ಹಚ್ಚಿ ಕೊಡ್ತೀನಿ."

ನಕ್ಕು ಏಣಿ ಹಿಡಿದ.

ಹೆಂಡತಿಯ ಹೇರ್ ಡ್ರೈಯರಿನಿಂದ ಮೂಲೆ ಕಾಯಿಸಿ ಎಳೆದೆ. ಅಂಗೈಯಷ್ಟು ಬಂತು. ಕೆಳಗೆ ಹಳದಿ ಕಂಡಿತು – ನೆಲದ ಬಣ್ಣ. ಅಕ್ಷರ ಇರಬೇಕಾದಲ್ಲಿಯೂ ಬರೀ ಹಳದಿ. ಇನ್ನಷ್ಟು ಎಳೆದೆ. ಹಳದಿ. ಅಂದು ಮುಚ್ಚಿದೆ, ಇಂದು ಅಳಿಸಿದೆ ಅಂದುಕೊಂಡೆ.

ಸ್ಟಿಕರನ್ನು ಮಡಚಿ ಕೆಳಗೆ ಒಗೆಯುವವನಿದ್ದೆ. "ಏ, ಹಿಂದ ನೋಡೋ," ಅಂದ ಬಾಬುಸಾಬ.

ಅಂಟಿನ ಬದಿಗೆ ನೀಲಿ ಬಣ್ಣ ಪೂರ್ತಿ ಎದ್ದು ಬಂದಿತ್ತು. ಎಡಬಲ ತಿರುಗಿ. ಆದರೆ ಇಡಿಯಾಗಿ. ಒಂದು ಚಕ್ಕೆಯೂ ಉದುರಿರಲಿಲ್ಲ. ಹದಿಮೂರು ವರ್ಷ ನನ್ನ ಅಂಟೇ ಅದನ್ನು ಹಿಡಿದುಕೊಂಡಿತ್ತು.

ಜನವರಿ 26

ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿರುಗಿಸಿದೆ. ಶಾ. ಹೊಟ್ಟೆ ತುಸು ದಪ್ಪ, ಉಸ್ತಾದರ ಹಾಗೆಯೇ. ಬಾಬುಸಾಬನ ಹೊಸ ಬೋರ್ಡೂ ಆಯಿತು.

ಜನವರಿ 30, 11.00

ಬಿಸಿಲಲ್ಲಿ ಫ್ಲೆಕ್ಸ್ ಹಾಸಿ ನಾಲ್ಕೂ ಮೂಲೆ ಎಳೆದು ಕಟ್ಟಿದೆ. ಸೊಕ್ಕು ಇಳಿಯಲಿ. ಸ್ಪಿರಿಟ್ಟಿನಿಂದ ಒರೆಸಿದೆ. ನೀಲಿ ಸ್ಟಿಕರಿನ ಅಕ್ಷರಗಳು. ಬೇಡದ್ದನ್ನು ಸೂಜಿಯಿಂದ ಕಿತ್ತು, ಮೇಲೆ ಟೇಪ್ ಹಾಳೆ. ಹಿಂದಿನ ಕಾಗದ ನಾಲ್ಕು ಬೆರಳಷ್ಟೇ ಬಿಚ್ಚುತ್ತ, ಬನಿಯನ್ ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ಒತ್ತುತ್ತ ಹೋದೆ. ನಡುವಿನಿಂದ ಹೊರಕ್ಕೆ. ಒಂದು ಒತ್ತು ಹಿಂದಿನದರ ಅರ್ಧದ ಮೇಲೆ.

ಹೆಂಡತಿ ಮಾಲಾ ಚಹಾ ತಂದು ನಿಂತಳು. "ಉಸಿರರ ಆಡ್ರಿ. ಹಿಂಗ ಸತ್ತಗಿತ್ತೀರಿ."

ಹಿಡಿದದ್ದು ಗೊತ್ತೇ ಆಗಿರಲಿಲ್ಲ.

ಎಂಟು ಅಕ್ಷರ ಮುಗಿಯಿತು. ಒಂದೂ ಗುಳ್ಳೆ ಇಲ್ಲ. ಕಡೆಯ ಲೆ ಒತ್ತಲಿಲ್ಲ. ಜಾಗದಲ್ಲಿಟ್ಟು ಮೇಲಂಚು ಮಾತ್ರ ಹಿಡಿಸಿ, ಕಾಗದ ಸಮೇತ ಬಿಟ್ಟೆ.

ಫೆಬ್ರವರಿ 1, ಬೆಳಿಗ್ಗೆ 6.50, ಬಸ್ಸಿನಲ್ಲಿ

ಅಕ್ಷರ ಹೊರಗೆ ಬರುವಂತೆ ಸುತ್ತಿದ್ದೇನೆ. ಒಳಗೆ ಸುತ್ತಿದರೆ ಸುಕ್ಕು. ಕಂಡಕ್ಟರ್: "ಏನ್ರಿ ಯಜಮಾನ್ರ, ಚಾಪಿ ತಗೊಂಡು ಮಲಗಾಕ ಹೊಂಟೀರೇನು?" ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೇನೆ. ರೋಣ ದಾಟಿತು. ಅವರು ಎದ್ದು ಒಳಗೆ ಹೋಗಿಬಿಟ್ಟರೆ? ಬ್ಯಾನರ್ ಕೊಟ್ಟು ಬರುವುದು. ಅಷ್ಟೇ.

10.30, ನರಗುಂದ, ಜಹೀದಾಳ ಅಂಗಳ

ಅವಳು ಏಣಿ ಕೇಳಲು ಪಕ್ಕದ ಮನೆಗೆ ಹೋಗಿದ್ದಾಳೆ. ಅಷ್ಟರಲ್ಲಿ ಬರೆದಿಡುತ್ತೇನೆ.

ಉಸ್ತಾದ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಬ್ಯಾನರ್ ಬಿಚ್ಚಿದೆ. ಸದ್ದಿಗೆ ಮುಖ ತಿರುಗಿತು.

"ಯಾರದು?"

"ಉಮೇಶ್ರಿ, ಉಸ್ತಾದ."

"ಮಷೀನಿನಂವ?"

"ಹೌದ್ರಿ."

ಏಳಲಿಲ್ಲ. ಜಹೀದಾ ಅವರ ಕೈ ಹಿಡಿದು ಬ್ಯಾನರಿನ ಮೇಲೆ ಇಟ್ಟಳು. ಎಳೆದುಕೊಂಡರು. ಆಮೇಲೆ ತಾವೇ ಇಟ್ಟರು. ತೋರುಬೆರಳು ಸ್ಟಿಕರಿನ ಅಂಚಿಗೆ ತಾಗಿ ನಿಂತಿತು. ಅಂಚು ಹಿಡಿದು ನಡೆಯಿತು. ಬಣ್ಣದಲ್ಲಿ ಬರೆದಿದ್ದರೆ ಬೆರಳಿಗೆ ಇಷ್ಟು ಸಿಗುತ್ತಿರಲಿಲ್ಲ. ಇದು ನನಗೂ ಹೊಳೆದಿರಲಿಲ್ಲ.

"ಹ," ಅಂದರು. "ನಂದಽ ಇದು. ಜಕ್ಕಲಿ ಗಿರಣಿದು." ಸ ದಾಟಿತು, ನ ದಾಟಿತು. ಹಸನಬಿ ಎಂದು ಪೂರ್ತಿ ಓದಿ ಬೆರಳು ತೆಗೆದರು, ಮತ್ತೆ ಮೊದಲಿನಿಂದ ಓದಿದರು. ಜಹೀದಾ ಗೋಡೆಯ ಕಡೆ ತಿರುಗಿದಳು. ಶಾ ಬಂದಾಗ ಬೆರಳು ನಿಂತಿತು.

"ಇದು ಶಾಮಿಯಾನದ್ದು. ಇದರ ಮ್ಯಾಲೆ ನೀ ಅಂಟಿಸಿದ್ದಿ."

"ಕಿತ್ತೀನ್ರಿ."

"ಬಂತೇನು?"

"ಅಂಟಿಗೆ ಹತ್ತಿ ಬಂತ್ರಿ. ಉಲ್ಟಾ ಆಗಿ." ಮತ್ತೆ, "ತಪ್ಪಾತ್ರಿ ಉಸ್ತಾದ. ಅವತ್ತು ನೀವು ಅಲ್ಲಿ ಕುಂತದ್ದು ಗೊತ್ತಿತ್ತು."

"ನನಗೂ ಗೊತ್ತಿತ್ತು, ನಿನಗ ಗೊತ್ತೈತಂತ." ಬೆರಳು ಮುಂದೆ ಹೋಯಿತು. ಕಾಗದ ಸಿಕ್ಕಿತು. "ಇದೇನು? ಇದರಾಗ ಗಾಳಿ ಐತಿ."

"ಕಡೇದು ನಿಮಗ ಬಿಟ್ಟೀನ್ರಿ."

ತುಟಿ ಅಲುಗಿತು, ನಗುವೋ ಏನೋ. "ಎಲ್ಲಿಂದ ಒತ್ತಬೇಕು?"

"ನಡುವಿನಿಂದ ಹೊರಗ್ರಿ."

"ಉಸಿರು?"

"ಹಿಡೀಬೇಕ್ರಿ."

"ಮತ್ತ ಎಲ್ಲಾ ಅದಽ ಐತಲ್ಲೋ."

ಹಿಂದಿನ ಕಾಗದ ನಾನು ಬಿಚ್ಚಿದೆ. ಹೆಬ್ಬೆರಳು ಇಟ್ಟರು. ಮೂವರೂ ಉಸಿರಾಡಲಿಲ್ಲ. ಒತ್ತಿ, ಟೇಪ್ ತಾವೇ ಎಳೆದರು. ಮೂಲೆಯಲ್ಲೊಂದು ಗುಳ್ಳೆ ಉಳಿದಿದೆ. ಸಾಸಿವೆಯಷ್ಟು. ಅವರಿಗೂ ಸಿಕ್ಕಿತು. ಜಹೀದಾ ಗುಂಡುಪಿನ್ನು ತಂದಳು. ಬೇಡವೆಂದೆ. ಅದು ಇರಲಿ.

ಏಣಿ ಬಂತು. ಉಸ್ತಾದ ಕರೆಯುತ್ತಿದ್ದಾರೆ – "ಉಮ್ಯಾ, ಎಲ್ಲಿ ಹ್ವಾದ್ಯೋ? ಬಾ, ನೀ ಮ್ಯಾಲ ಹತ್ತು, ಏಣಿ ನಾ ಹಿಡೀತೀನಿ."