ಕಾರ್ಡಿನಲ್ಲಿ ಇಲ್ಲದ್ದು

ಫೆಬ್ರವರಿ 9, ಮಧ್ಯಾಹ್ನ

ಕಾರ್ಡ್ 14 — ಮೊಣಕಾಲು ನೋವು. ರೋಗಿ ಎಂದಿನಂತೆ ನಮ್ಮತ್ತೆ. ಕುರ್ಚಿಯಲ್ಲಿ ಕೂರುವ ಮೊದಲೇ ನರಳಾಟ ಶುರು. ಕೈ ತೊಳೆದೆ, ಹೆಸರು ಹೇಳಿದೆ, ಮುಟ್ಟಲು ಅನುಮತಿ ಕೇಳಿದೆ. ಎಂಟು ನಿಮಿಷಕ್ಕೆ ಫೋನಿನಲ್ಲಿ ಅಲಾರಂ. ಪರೀಕ್ಷೆಯಲ್ಲೂ ಹೀಗೇ — ರೋಗದ ವಿವರವಿರುವ ಕಾರ್ಡು ಬಾಯಿಪಾಠ ಮಾಡಿದ ನಟರು ರೋಗಿಗಳಾಗಿ ಕೂತಿರುತ್ತಾರೆ, ಕೇಳಿ ಕೇಳಿ ರೋಗ ಹಿಡಿಯಬೇಕು.

ಮಧ್ಯೆ ಹೊಸದೊಂದು ಸೇರಿಸಿದರು. “ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಂಡ ಹಾಗಾಗುತ್ತೆ ಡಾಕ್ಟ್ರೇ.”

“ಅತ್ತೆ, ಅದು ಕಾರ್ಡಲ್ಲಿಲ್ಲ.”

“ಇಲ್ವಾ? ಹಾಗಾದ್ರೆ ಬಿಡು.”

ಅತ್ತೆಯ ನಟನೆಗೆ ಹತ್ತಕ್ಕೆ ಆರು ಕೊಟ್ಟೆ. ಮುಖ ಊದಿಸಿಕೊಂಡರು.

ಫೆಬ್ರವರಿ 13

ಕ್ಲಿನಿಕ್ಕಿನಲ್ಲಿ ನನ್ನದು ಟೋಕನ್ ಕೊಡುವ ಕೆಲಸ. ಇವತ್ತು ಮುದುಕರೊಬ್ಬರು ಬಂದರು. ಕಣ್ಣು, ನಾಲಿಗೆ, ಉಗುರು ಎಲ್ಲ ಬಿಳಿಚಿಕೊಂಡಿತ್ತು. ರಕ್ತ ಕಡಿಮೆ. ಬಾಯಿಗೆ ಬಂತು, ನುಂಗಿದೆ. “ಹದಿನೇಳು. ಅಲ್ಲಿ ಕೂತ್ಕೊಳ್ಳಿ.” ಹೊರದೇಶದಲ್ಲಿ ಆರು ವರ್ಷ ಮಣ್ಣು ಹೊತ್ತ ಹಾಗೆ ಡಾಕ್ಟರಿಕೆ ಓದಿದ್ದು ಇದಕ್ಕಾ?

ಹೊರಗೆ ಓದಿ ಬಂದವರಿಗೆ ಲೈಸೆನ್ಸ್ ಪರೀಕ್ಷೆ ಮೂರೇ ಸಲ. ಎರಡು ಸಲ ಫೇಲು. ಮಾರ್ಚ್ 2 ಕೊನೆಯದು, ಅದೂ ಹೋದರೆ ಜನ್ಮಪೂರ್ತಿ ಟೋಕನ್. ಫಲಿತಾಂಶದ ಕಾಗದದಲ್ಲಿ ಎರಡು ಸಲವೂ ಒಂದೇ ಕಾರಣ — ‘ರೋಗಿಯ ಮಾತನ್ನು ಪೂರ್ತಿ ಕೇಳುವುದಿಲ್ಲ.’ ಆಗ ನಟರನ್ನೇ ಬೈದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೆಬ್ರವರಿ 20

ಕಾರ್ಡ್ 31, ತಲೆನೋವು. “ಎಡಗೈ ಮಣಭಾರ” ಅಂದರು ಅತ್ತೆ. ಮತ್ತೆ ಕಾರ್ಡು ಬಿಟ್ಟು ಹೊರಗೆ! ಸಿಟ್ಟು ನೆತ್ತಿಗೇರಿತು. “ನಿಮ್ಮಿಂದ ನನ್ನ ಟೈಮ್ ಹಾಳು” ಎಂದುಬಿಟ್ಟೆ. ಹತ್ತಕ್ಕೆ ನಾಲ್ಕು.

ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಚಹಾ ಮಾಡಿ ಪುಸ್ತಕದ ಪಕ್ಕ ತಂದಿಟ್ಟರು. ನಾಚಿಕೆಯಾಯಿತು. ಸಾರಿ ಕೇಳಬೇಕಿತ್ತು… ಕೇಳಲಿಲ್ಲ.

ಫೆಬ್ರವರಿ 27

ಕಾರ್ಡ್ 8, ಕೆಮ್ಮು. ಅತ್ತೆ ಒಂದು ಸಲವೂ ಕೆಮ್ಮಲಿಲ್ಲ. “ದವಡೆ ಸೆಳೀತದೆ, ಸುಮ್‌ಸುಮ್ನೆ ಬೆವರು.” ಈ ಸಲ ನಗು ಬಂತು. ಬರೆದುಕೊಂಡೆ. ಹತ್ತಕ್ಕೆ ಮೂರು.

ಮಾರ್ಚ್ 2, ಬೆಳಿಗ್ಗೆ 6.10

ಇವತ್ತು. ಪರೀಕ್ಷಾ ಕೇಂದ್ರದ ಗೇಟು ಎಂಟೂವರೆಗೆ ಮುಚ್ಚುತ್ತದೆ. ಆಮೇಲೆ ಯಾರನ್ನೂ ಬಿಡುವುದಿಲ್ಲ.

ತಪ್ಪುಗಳನ್ನು ಒಮ್ಮೆ ನೋಡೋಣವೆಂದು ಡೈರಿ ತಿರುವಿದೆ. ನನ್ನ ತಪ್ಪು ಹತ್ತು ಬಗೆ. ಅತ್ತೆಯದು ಒಂದೇ ಬಗೆ. ಮೆಟ್ಟಿಲು ಹತ್ತಿದರೆ ಎದೆ. ಎಡಗೈ. ದವಡೆ, ಬೆವರು.

ಅಯ್ಯೋ ದೇವರೇ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನನಗೆ ಬೇಕಾಯಿತು. ಅಡುಗೆಮನೆಯಲ್ಲಿದ್ದಾರೆ, ಒಂದು ಕೈಯಲ್ಲಿ ಗೋಡೆ ಹಿಡಿದು ನನಗೆ ಡಬ್ಬಿ ಕಟ್ಟುತ್ತಿದ್ದಾರೆ —

7.40, ಆಸ್ಪತ್ರೆ

ಇಸಿಜಿ ಕೆಟ್ಟದಾಗಿದೆ. ಹೃದಯದ ರಕ್ತನಾಳ ಮುಚ್ಚಿಕೊಂಡಿದೆ, ಈಗಲೇ ತೆರೆಯಬೇಕು. ಮುಗಿಯುವ ತನಕ ಮನೆಯವರೊಬ್ಬರು ಇಲ್ಲೇ ಇರಬೇಕಂತೆ. ನನ್ನ ಗಂಡ ನೈಟ್ ಶಿಫ್ಟಿನಲ್ಲಿ, ಫೋನು ಲಾಕರಿನಲ್ಲಿ. ಒಂಬತ್ತರ ತನಕ ಸಿಗುವುದಿಲ್ಲ.

“ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳ್ತಾನೇ ಇದ್ನಲ್ಲೇ. ನೆಟ್ಟಗೆ ಹೇಳಿದ್ರೆ ನೀನು ಪುಸ್ತಕ ಮುಚ್ಚಿಬಿಡ್ತಿದ್ದೆ. ಆಟದಲ್ಲಾದ್ರೆ ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು. ಹೋಗು ನೀನು, ಗೇಟು ಮುಚ್ತಾರೆ.”

ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

8.50

ಗೇಟು ಮುಚ್ಚಿ ಇಪ್ಪತ್ತು ನಿಮಿಷ. ಎಂಟೂವರೆಗೆ ಸರಿಯಾಗಿ ಅತ್ತೆಯನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು. ಹೋಗುವ ಮೊದಲು ಗುಮಾಸ್ತ ಫಾರಂ ಹಿಡಿದು ಬಂದಿದ್ದ.

“ರೋಗ ಕಂಡುಹಿಡಿದು ಕಳಿಸಿದ ಡಾಕ್ಟರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಮಲಗಿದಲ್ಲಿಂದ ಅತ್ತೆ — “ನನ್ನ ಸೊಸೆ. ಬರ್ಕೊಳ್ಳಪ್ಪ, ಇಲ್ಲೇ ಇದ್ದಾಳಲ್ಲ.”

ಬರೆದುಕೊಂಡ. ಡಾಕ್ಟರ್ ಅಂತಲೇ ಬರೆದ. ಫಾರಂ ನನ್ನ ಕೈಗೆ ಕೊಟ್ಟು, ಉಳಿದದ್ದು ತುಂಬಿ ತನ್ನಿ ಅಂದ.

ಎಲ್ಲ ತುಂಬಿದೆ. ವಯಸ್ಸು, ವಿಳಾಸ, ಸಂಬಂಧ. ನನ್ನ ಹೆಸರಿನ ಪಕ್ಕದ ಖಾನೆ ಒಂದು ಉಳಿದಿದೆ — ಲೈಸೆನ್ಸ್ ನಂಬರು. ಗುಮಾಸ್ತ ಕಿಟಕಿಯಿಂದ ಕರೆಯುತ್ತಿದ್ದಾನೆ, “ಡಾಕ್ಟ್ರೇ, ಆಯ್ತಾ?”

ಏನಂತ ಬರೆಯಲಿ?