ಕೊನೆಯ ನಾಲ್ಕು ಪೌಂಡ್

ಜನವರಿ 9, ಬೆಳಿಗ್ಗೆ

ಮತ್ತೆ ಅದೇ ದಾರಿ. ಜೋಳದ ಗೋದಾಮಿನವರೆಗೆ ಓಟ, ವಾಪಸ್. ಮೀಸೆಯ ಮೇಲೆ ಹಿಮ. ತೂಕ ಮಾತ್ರ ಕ್ರಿಸ್‌ಮಸ್‌ನಿಂದ ಅಲ್ಲಾಡಿಲ್ಲ. ಇಷ್ಟು ದಪ್ಪ ಇರುವವನ ಕಿಡ್ನಿ ತೆಗೆಯುವುದಿಲ್ಲವಂತೆ ಆಸ್ಪತ್ರೆಯವರು. ರಕ್ತ ಹೊಂದಿದೆ, ಎಲ್ಲ ಹೊಂದಿದೆ — ಹೊಟ್ಟೆಯೊಂದು ಅಡ್ಡ. ನನ್ನ ಕಿಡ್ನಿಗೆ ಕಾಯುತ್ತಾ ಅಕ್ಕ ಮಾರ್ಲಾ ಅಲ್ಲಿ ಡಯಾಲಿಸಿಸ್ ಕುರ್ಚಿಯಲ್ಲಿ ಬತ್ತುತ್ತಿದ್ದಾಳೆ.

ಜನವರಿ 14

ಜಿಮ್‌ನಲ್ಲಿ ಹ್ರುಸ್ಕಾ ಕೋಚ್ ಸಿಕ್ಕರು. ಹೈಸ್ಕೂಲಿನಲ್ಲಿ ಕುಸ್ತಿ ಕಲಿಸಿದವರು. ಅಯೋವಾದ ಈ ಊರಲ್ಲಿ ಕುಸ್ತಿ ಆಡದ ಗಂಡಸು ಸಿಗುವುದೇ ಕಷ್ಟ.

"ದಿನಾ ಅದೇ ದಾರಿ, ಅದೇ ಸ್ಪೀಡು. ಮೈಗೆ ಅಭ್ಯಾಸ ಆಗೋಗಿದೆ ಕಣೋ. ಬದಲಾಯ್ಸು. ಒಂದಿನ ಏರು, ಒಂದಿನ ರೋಯಿಂಗ್ ಮಷೀನು, ಒಂದಿನ ಹಗ್ಗ ಹಾರು. ಓಡೋ ದಿನ ಸ್ವಲ್ಪ ದೂರ ಜೀವ ಬಿಟ್ಟು ಓಡು, ಸ್ವಲ್ಪ ದೂರ ನಡಿ."

"ನನ್ನ ಮೊಣಕಾಲು?"

"ನಿಮ್ಮಕ್ಕ ಮೊಣಕಾಲು ಕೇಳಿಲ್ವಲ್ಲ."

ಫೆಬ್ರವರಿ 2

ಸ್ಟೇಡಿಯಂ ಮೆಟ್ಟಿಲು ಹತ್ತಿ ಇಳಿದೆ. ವಾಂತಿ. ನಿನ್ನೆಯ ರೋಯಿಂಗ್‌ಗೆ ಬೆನ್ನು ಹಿಡಿದಿದೆ. ಆದರೆ ತೂಕ ಇಳಿಯುತ್ತಿದೆ... ಮಾರ್ಲಾಗೆ ಫೋನ್ ಮಾಡಿ ಹೇಳಿದೆ.

"ನಿನ್ ಕಿಡ್ನಿ ಹಾಕಿಸ್ಕೊಂಡ್ರೆ ನಾನೂ ನಿನ್ ಥರ ಇಡೀ ಆಪಲ್ ಪೈ ಒಬ್ಳೇ ತಿಂದು ಮುಗಿಸ್ತೀನೇನೋ," ಅಂದಳು. ನಗುವಷ್ಟರಲ್ಲಿ ಏದುಸಿರು. ಹೆದರಿಕೆಯಾಯಿತು.

ಫೆಬ್ರವರಿ 19

ನಾಡಿದ್ದು ಆಸ್ಪತ್ರೆಯಲ್ಲಿ ತೂಕ. ಅವರು ಹೇಳಿದ್ದಕ್ಕಿಂತ ಇನ್ನೂ ನಾಲ್ಕು ಪೌಂಡ್ ಹೆಚ್ಚು. ಎಷ್ಟು ಓಡಿದರೂ ಎರಡು ದಿನದಲ್ಲಿ ಆಗದು. ಆದರೆ ಕುಸ್ತಿಯವನಿಗೆ ನಾಲ್ಕು ಪೌಂಡ್ ಯಾವ ಲೆಕ್ಕ? ಪಂದ್ಯದ ಮುಂಚೆ ತೂಕದ ಮಿತಿಗೆ ಇಳಿಯಲು ಎಲ್ಲರೂ ಮಾಡುತ್ತಿದ್ದುದೇ — ನೀರು ಬಂದ್. ಮೈಗೆ ಕಸದ ಪ್ಲಾಸ್ಟಿಕ್ ಚೀಲ, ಮೇಲೆ ಎರಡು ಸ್ವೆಟರ್. ಹೀಟರ್ ಪಕ್ಕ ಬೆವರು ಸುರಿಯುವವರೆಗೆ ಸೈಕಲ್ ತುಳಿಯುವುದು. ಕೋಚ್‌ಗೆ ಹೇಳಲಿಲ್ಲ.

ಫೆಬ್ರವರಿ 21

ತೂಕ ಸರಿಯಾಗಿ ಬಂತು. ರಕ್ತ ತೆಗೆಯಲು ನರ್ಸ್‌ಗೆ ನರ ಸಿಗುವುದೇ ಕಷ್ಟವಾಯಿತು. ಮೂತ್ರ ಕಾಫಿ ಬಣ್ಣ. ಇರಲಿ. ಗೆದ್ದೆ.

ಫೆಬ್ರವರಿ 24

ನರ್ಸ್ ಫೋನ್.

"ಸರ್, ಹೋದ್ಸಲ ಕಿಡ್ನಿ ರಿಪೋರ್ಟ್ ಚೆನ್ನಾಗಿತ್ತು. ಈ ಸಲ ಕೆಟ್ಟದಾಗಿದೆ. ಏನ್ ಮಾಡ್ಕೊಂಡ್ರಿ?"

ಹೇಳಿದೆ. ನೀರು ಬಿಟ್ಟಿದ್ದು, ಪ್ಲಾಸ್ಟಿಕ್ ಚೀಲ, ಎಲ್ಲ.

"ನಾಲ್ಕು ಪೌಂಡ್ ಜಾಸ್ತಿ ಇದ್ದಿದ್ರೆ ಎರಡು ವಾರ ಟೈಮ್ ಕೊಡ್ತಿದ್ವಿ. ಇದು ಸರಿಹೋಗೋಕೆ ಮೂರು ತಿಂಗಳು ಕಾಯ್ಬೇಕು, ಸರ್. ಕೂಡ್ಲೇ ಬಂದು ತೋರಿಸ್ಕೊಳ್ಳಿ."

ಮಾರ್ಲಾಗೆ "ಆಸ್ಪತ್ರೆಯವರು ಮುಂದಕ್ಕೆ ಹಾಕಿದ್ದಾರೆ" ಎಂದಷ್ಟೇ ಹೇಳಿದೆ. ಹೇಡಿ.

ಮೇ 28

ಈ ಸಲ ನೀರು ಕುಡಿದೇ ಹೋಗಿದ್ದೆ. ತೂಕ ಸರಿ. ಕಿಡ್ನಿ ಸರಿ. ಮನೆ ಮುಟ್ಟುವ ಮೊದಲೇ ಮಾರ್ಲಾಳ ಫೋನ್.

"ನನ್ ಹಾರ್ಟು ಆಪರೇಷನ್ ತಡ್ಕೊಳಲ್ಲ ಅಂದ್ರು ಕಣೋ. ಚಳಿಗಾಲದಲ್ಲೇ ಆಗಿದ್ರೆ ಆಗ್ತಿತ್ತಂತೆ. ಇರ್ಲಿ, ನಿನ್ ಕಿಡ್ನಿ ನೀನೇ ಇಟ್ಕೋ. ಆಸ್ಪತ್ರೆಯವ್ರು ತಡ ಮಾಡಿದ್ರೆ ಪಾಪ ನೀನೇನ್ ಮಾಡ್ತೀಯ?"

ಆಗಲೂ ಬಾಯಿ ಬಿಡಲಿಲ್ಲ.

ಮೇ 29

ಇವತ್ತು ಹೇಳಲೇಬೇಕು. ಬೂಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಹೋಗಿ, ಎದುರಿಗೆ ಕೂತು, ಒಂದೇ ಉಸಿರಿಗೆ — ಅಕ್ಕಾ, ತಡ ಮಾಡಿದ್ದು ಅವರಲ್ಲ, ಅವತ್ತು ನಾನು ನೀರು ಬಿಟ್ಟು — ಸಾಕು, ಉಳಿದದ್ದು ಅವಳೆದುರೇ. ಹೊರಟೆ.