ಬೆನ್ನಿಗೇ ಮುಚ್ಚಿದ ಬಾಗಿಲು

ಇಲ್ಫರ್ಡ್, ಲಂಡನ್
ನವೆಂಬರ್ ೨೩, ಭಾನುವಾರ

ಪ್ರೀತಿಯ ಅತ್ತೇ,

ನಿಮ್ಮ ಸೊಸೆ ಶರ್ಮಿಳಾಳ ನಮಸ್ಕಾರ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಉಡುಪಿಯ ಸೆಕೆಗೆ ಹೋದ ಮೇಲೆ ಸ್ವಲ್ಪ ಸಡಿಲವಾಗಿರಬೇಕು. ಇಲ್ಲಿ ಕೊಂಡ ಮಂಡಿಪಟ್ಟಿ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ "ಇದ್ ಎಂತಕ್" ಅಂತ ಶೋಭಕ್ಕನ ಬೀರುವಿಗೆ ಸೇರಿಸಿಬಿಟ್ಟಿರೋ? ಬಿಪಿ ಮಾತ್ರೆ ತಪ್ಪಿಸಬೇಡಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನೀವು ಸ್ನಾನಕ್ಕೆ ಹೋಗಿರುತ್ತೀರಿ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಮಗಳ ಫ್ಲ್ಯಾಟಿನಲ್ಲಿ ಯಾರೂ ದಿನಕ್ಕೆ ಅಷ್ಟು ಸಲ ಸ್ನಾನ ಮಾಡುವುದಿಲ್ಲ ಅತ್ತೆ, ನನಗೂ ಅಷ್ಟು ಗೊತ್ತಾಗುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಬೀದಿಯ ವಂದನಾ ನಾಳೆ ಊರಿಗೆ ಹೊರಟಿದ್ದಾಳೆ, ನಿಮ್ಮ ಕೈಗೇ ಕೊಡು ಅಂತ ಆಣೆ ಹಾಕಿಸಿಕೊಂಡಿದ್ದೇನೆ. ದಮ್ಮಯ್ಯ, ಅರ್ಧಕ್ಕೇ ಮಡಿಸಿಡಬೇಡಿ. ನಾನು ಕೇಳುವುದು ಒಂದೇ: ನೀವು ಡಿಸೆಂಬರ್ ಹನ್ನೊಂದರೊಳಗೆ ಇಲ್ಲಿಗೆ ವಾಪಸ್ ಬರಬೇಕು. ಯಾಕೆ ಅಂತ ಹೇಳುತ್ತೇನೆ. ಮೊದಲು ಆ ಬಾಗಿಲಿನ ವಿಷಯ ಹೇಳಿ ಮುಗಿಸುತ್ತೇನೆ, ಅದು ಮುಗಿಯದೆ ನೀವು ಬೇರೆ ಯಾವುದಕ್ಕೂ ಕಿವಿ ಕೊಡುವುದಿಲ್ಲ.

ನಿಮಗೆ ನನ್ನ ಮೇಲೆ ಬೇಸರ ಅಂತ ನನಗೆ ತಿಳಿದದ್ದೇ ಹೋದ ಭಾನುವಾರ. ಅಲ್ಲಿಯವರೆಗೆ ಪ್ರಯಾಣದ ಆಯಾಸ ಇರಬಹುದು, ಕಿವಿ ಮಂದವಾಗಿರಬಹುದು ಅಂತ ಏನೇನೋ ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಶೋಭಕ್ಕನೇ ತಡೆಯಲಾರದೆ ಹೇಳಿದರು, ನೀವು ಮನೆಗೆ ಬಂದವರ ಮುಂದೆಲ್ಲ "ಸೊಸಿ ನನ್ ಬೆನ್ನಿಗೇ ಬಾಗ್ಲ್ ಹಾಯ್ಕಂಡ್ ಬೀಗ ಹಾಕ್ದಳ್. ಇನ್ನ್ ಆ ಹೊಸ್ತಿಲ್ ದಾಟ್ತಿಲ್ಲೆ" ಅನ್ನುತ್ತೀರಂತೆ. ಕೇಳಿ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ. ನಾನೇ ಅತ್ತೆ? ನಿಮ್ಮ ಬೆನ್ನಿಗೆ ಬಾಗಿಲು ಹಾಕುವ ಹೆಣ್ಣೇ ನಾನು?

ಆ ಪಾಠ ನನಗೆ ಕಲಿಸಿದವರೇ ನೀವು. ಮದುವೆಯಾದ ಹೊಸದರಲ್ಲಿ ಕೋಟೇಶ್ವರದ ಮನೆಗೆ ಬಂದ ನೆಂಟರು ಹೊರಟರು ಅಂತ ನಾನು ಮೈಸೂರಿನವಳು ಚುರುಕಾಗಿ ಬಾಗಿಲು ಹಾಕಿ ಚಿಲಕ ಎಳೆದಿದ್ದೆ. ನೀವು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ತೆಗೆದಿರಿ. "ಹೋದವ್ರ್ ಬೆನ್ನಿಗೇ ಬಾಗ್ಲ್ ಹಾಕುಕಾಗ, ಮಗಾ. ಅವ್ರ್ ತಿರುವು ದಾಟ್ಲಿ" ಅಂದಿರಿ. ಹೊರಟವರು ತಿರುಗಿ ನೋಡಬಾರದು, ಉಳಿದವರು ಹಿಂದಿನಿಂದ ಕೂಗಬಾರದು, ಬಾಗಿಲು ಮಾತ್ರ ತೆರೆದೇ ಇರಬೇಕು, ಹೋದವರು ಬರುವುದಕ್ಕೆ ದಾರಿ ಬೇಕಲ್ಲ ಅಂತ ಬಿಡಿಸಿ ಹೇಳಿದಿರಿ. ನಾನು ನಗಲಿಲ್ಲ, ನೆನಪಿದೆಯಾ? ನನ್ನಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಮನೆಯವರೆಲ್ಲ ಜೊತೆಗೇ ಹೊರಟೆವು. ಅಪ್ಪ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅಮ್ಮ ಆಟೋದಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ವಾಪಸ್ ಬರಲಿಲ್ಲ. ಅದನ್ನು ನಿಮಗೆ ಹೇಳಿದಾಗ ನೀವು ನನ್ನ ತಲೆ ಸವರಿದಿರಿ. ಅವತ್ತಿನಿಂದ ನಾನು ಯಾರ ಬೆನ್ನಿಗೂ ಬಾಗಿಲು ಹಾಕಿಲ್ಲ, ಗ್ಯಾಸ್ ಮೀಟರ್ ನೋಡಲು ಬರುವವನ ಬೆನ್ನಿಗೂ ಹಾಕಿಲ್ಲ.

ಎಲ್ಲ ಆ ಹಾಳು ಬೀಗದಿಂದ ಆಯಿತು. ನಿಮ್ಮ ಮಗನಿಗೆ ಹೊಸ ಸಾಮಾನು ಸಿಕ್ಕರೆ ಊಟ ಬೇಡ, ನಿದ್ದೆ ಬೇಡ. ಬಾಗಿಲ ಮುಂದಿನ ಪಾರ್ಸೆಲ್ ಕಳುವಾಗುತ್ತದೆ, ಕೀಲಿ ಕಳೆಯುತ್ತದೆ, ಇದಾದರೆ ಬೆರಳು ಇಟ್ಟರೆ ಸಾಕು, ಆಫೀಸಿನಿಂದಲೇ ಬಾಗಿಲು ತೆಗೆಯಬಹುದು ಅಂತ ಭಾಷಣ. ಆ ಶನಿವಾರ ಸಂಪತ್ ಬಾಗಿಲ ಮುಂದೆ ಮಂಡಿಯೂರಿ ಕೂತದ್ದು, ಬೀಗಕ್ಕೆ ವೈಫೈ ಸಿಗುವುದಿಲ್ಲ ಅಂತ ಆ ಡಬ್ಬಿಯನ್ನು ಟಿವಿ ಪಕ್ಕದಿಂದ ತಂದು ಚಪ್ಪಲಿ ಗೂಡಿನ ಮೇಲೆ ಇಟ್ಟದ್ದು, ಅದು ಬೆಸೆದುಕೊಳ್ಳದೆ ಮತ್ತೆ ಮತ್ತೆ ಮೊದಲಿಂದ ಶುರು ಮಾಡಿದ್ದು, ನೀವು ಮೆಟ್ಟಿಲ ಮೇಲೆ ಬೀನ್ಸ್ ಸೋಸುತ್ತಾ ಕೂತು "ಬಾಗ್ಲಿಗೂ ಇಂಟರ್ನೆಟ್ ಬೇಕಾ ಮಾರಾಯಾ?" ಅಂದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಹೆಬ್ಬೆರಳನ್ನು ಅದು ಒಪ್ಪಲಿಲ್ಲ. ಕಾಯಿ ತುರಿದು ತುರಿದು ಗೆರೆ ಸವೆದಿದೆ ಅಂತ ನಾನು ಬೇರೆ ಬೆರಳು ಇಡಿಸಿದೆ. ಕೊನೆಗೆ ನಡುಬೆರಳಿಗೆ ಹಸಿರು ದೀಪ ಹತ್ತಿದಾಗ "ಅಂತೂ ನನ್ ಗುರ್ತ ಸಿಕ್ತ್" ಅಂತ ನೀವು ನಕ್ಕಿರಿ. ಬಾಗಿಲು ಪೂರ್ತಿ ಮುಚ್ಚಿಕೊಂಡರೆ ಮಾತ್ರ ಬೀಗ ತಾನಾಗಿ ಬೀಳುತ್ತದೆ ಅಂತ ಸಂಪತ್ ಮೇಲೊಂದು ಸ್ಪ್ರಿಂಗಿನ ಕೈಯನ್ನೂ ಕೂಡಿಸಿದರು. ಬಾಗಿಲನ್ನು ಬಿಟ್ಟರೆ ಸಾಕು, ಅದೇ ಎಳೆದುಕೊಂಡು ಮುಚ್ಚುತ್ತಿತ್ತು, ಖರ್ರ್ ಅಂತ ಬೀಗ ಬಿದ್ದು ಕೊನೆಗೊಂದು ಪೀಂ ಅನ್ನುತ್ತಿತ್ತು.

ನೀವು ಅದಕ್ಕೂ ಹೊಂದಿಕೊಂಡಿರಿ. ಮುಸ್ಸಂಜೆ ದೀಪ ಹಚ್ಚುವಾಗ ಬಾಗಿಲು ತೆರೆದಿರಬೇಕು ಅಂತ ಸೋನಾ ಮಸೂರಿ ಚೀಲವನ್ನೇ ಅಡ್ಡ ಇಡುತ್ತಿದ್ದಿರಿ. ಮನೆಯೊಳಗೆ ಕೊರೆಯುವ ಗಾಳಿ ನುಗ್ಗುತ್ತಿತ್ತು, ಬಾಗಿಲು ತೆರೆದೇ ಇದೆ ಅಂತ ಸಂಪತ್ ಫೋನು ಆಫೀಸಿನಲ್ಲಿ ಬಡಿದುಕೊಳ್ಳುತ್ತಿತ್ತು. ಆಯುಧ ಪೂಜೆ ದಿನ ಕುಕ್ಕರಿಗೆ, ಮಿಕ್ಸಿಗೆ, ಕಾರಿಗೆ ಇಟ್ಟ ಹಾಗೆ ಬೀಗಕ್ಕೂ ಗಂಧ ಬಳಿದು, ನಡುವಿನ ಗಾಜಿನ ಮೇಲೆ ಕುಂಕುಮ ಒತ್ತಿದಿರಿ. ಬೆರಳು ಇಡುವ ಜಾಗವೇ ಅದು! ಸಂಜೆ ಯಾರ ಗುರುತೂ ಅದಕ್ಕೆ ಸಿಗಲಿಲ್ಲ. ಬೀಗ ಕೂಡಿಸಿದವರೇ ಕಿಟಕಿ ಹತ್ತಿ ಒಳಗೆ ಬಂದರಲ್ಲ, ಎಷ್ಟು ನಕ್ಕಿದ್ದೆವು ನಾವಿಬ್ಬರೂ! ಆ ಗಂಧ ಇನ್ನೂ ಅದರ ಸಂದಿಯಲ್ಲಿ ಅಂಟಿಕೊಂಡಿದೆ. ಅದನ್ನು ಕೆರೆದು ತೆಗೆಯಲು ನನಗೆ ಮನಸ್ಸಾಗಿಲ್ಲ.

ಈಗ ನೀವು ಹೊರಟ ಬೆಳಿಗ್ಗೆ. ಇದನ್ನು ನಿಧಾನವಾಗಿ ಓದಿ, ಬೇಕಾದರೆ ಶೋಭಕ್ಕನಿಗೂ ಓದಿ ಹೇಳಿ. ನಾನು ಎದ್ದವಳೇ ಮೊದಲು ಮಾಡಿದ ಕೆಲಸ ಬಾಗಿಲಿಗೆ ಅಕ್ಕಿ ಚೀಲ ಕೊಟ್ಟದ್ದು. ನಿಮಗೆ ದಾರಿಗೆ ಅಂತ ಚಪಾತಿ ಬೇಯಿಸಿ ಕಟ್ಟಿದ್ದೆ, ಕೈಯೆಲ್ಲ ಎಣ್ಣೆ. ಬೀದಿ ತುಂಬ ಕಾರು ನಿಂತಿದ್ದರಿಂದ ಟ್ಯಾಕ್ಸಿ ಮೂಲೆ ಮನೆಯ ಹತ್ತಿರ ನಿಂತಿತ್ತು. ಸಂಪತ್ ಸೂಟ್‌ಕೇಸ್ ಎಳೆಯುವ ಭರದಲ್ಲಿ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ನೂಕಿ ಹೋದರು. ಅದಕ್ಕೇ ನಾನು ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತೆ. ನೀವು ನನ್ನ ಗಲ್ಲ ಹಿಡಿದು "ಹೋಯ್ ಬತ್ತೆ, ಮಗಾ" ಅಂದು ಬಲಗಾಲಿಟ್ಟು ಇಳಿದಿರಿ. ನೀವು ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು, ಶಿಶಿರ್ ನನ್ನ ಕಂಕುಳ ಕೆಳಗೆ ನುಸುಳಿ "ಅಜ್ಜೀ, ವೇಯ್ಟ್" ಅಂತ ಬರಿಗಾಲಲ್ಲೇ ರಸ್ತೆಗೆ ಓಡಿದ. ಬೀದಿಯಲ್ಲಿ ವ್ಯಾನ್ ಬರುತ್ತಿತ್ತು. ಬಾಗಿಲು ಬಿಟ್ಟು ಓಡಿ ಗೇಟಿನ ಹೊರಗೆ ಅವನನ್ನು ಹಿಡಿದು ಎತ್ತಿಕೊಂಡೆ. ಅಷ್ಟರಲ್ಲಿ ಹಿಂದೆ ಖರ್ರ್, ಪೀಂ.

ನೀವು ನಿಂತಿರಿ. ನಾನು ನೋಡಿದೆ ಅತ್ತೆ. ಕೈಚೀಲವನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ಹಾಗೇ ನಿಂತಿರಿ. ತಿರುಗಲಿಲ್ಲ, ಹೊರಟವರು ತಿರುಗಬಾರದು. ನಾನು ಕೂಗಲಿಲ್ಲ, ಬಾಯಿಗೆ ಬಂದ "ಅತ್ತೇ" ಅನ್ನುವ ಮಾತನ್ನು ನುಂಗಿಕೊಂಡೆ, ಹಿಂದಿನಿಂದ ಕರೆಯಬಾರದು. ತಿರುಗಿದ್ದರೆ ನಾನು ನಿಮ್ಮ ಹಿಂದೆಯೇ, ರಸ್ತೆಯಲ್ಲಿ, ನಿಮ್ಮ ಮೊಮ್ಮಗನನ್ನು ಎತ್ತಿಕೊಂಡು ನಿಂತಿರುವುದು ಕಾಣುತ್ತಿತ್ತು. ಒಳಗೆ ಯಾರೂ ಇರಲಿಲ್ಲ ಅತ್ತೆ. ಆ ಬಾಗಿಲು ನಿಮ್ಮೊಬ್ಬರ ಬೆನ್ನಿಗೆ ಮುಚ್ಚಲಿಲ್ಲ, ನನ್ನ ಬೆನ್ನಿಗೂ ಮುಚ್ಚಿತು. ನಮ್ಮಿಬ್ಬರಲ್ಲಿ ಒಬ್ಬರಾದರೂ ಶಾಸ್ತ್ರ ಬಿಟ್ಟವರಾಗಿದ್ದರೆ ಈ ಅನ್ಯಾಯ ಆಗುತ್ತಿರಲಿಲ್ಲ. ನೀವು ಮೂಲೆ ದಾಟುವವರೆಗೂ ಅಲ್ಲೇ ನಿಂತು, ಆಮೇಲೆ ಬಂದು ಬೆರಳು ಇಟ್ಟರೆ ಎಣ್ಣೆ ಕೈಗೆ ಅದು ಕೆಂಪು ದೀಪ ತೋರಿಸಿತು. ಶಿಶಿರನ ಜಾಕೆಟ್ಟಿಗೆ ಕೈ ಒರೆಸಿ ಒರೆಸಿ ಮತ್ತೆ ಮತ್ತೆ ಇಟ್ಟೆ. ಅವನ ಪಾದ ಮಂಜುಗಡ್ಡೆಯಾಗಿತ್ತು. ಇಬ್ಬರೂ ನಮ್ಮ ಮನೆಯ ಮುಂದೆಯೇ ಅಳುತ್ತಾ ನಿಂತಿದ್ದೆವು, ಇದೇ ನಿಜ.

ಈಗ ಇನ್ನೊಂದು ವಿಷಯ. ಕುಳಿತುಕೊಂಡು ಓದಿ. ನೀವು ಊರಿಗೆ ಹೊರಟ ವಾರವೇ, ನಾನು ಸ್ನಾನ ಮಾಡುವಾಗ ನನ್ನ ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಜಿಪಿ ಡಾಕ್ಟರು ನೋಡಿ ಆಸ್ಪತ್ರೆಗೆ ಬರೆದುಕೊಟ್ಟರು, ಅಲ್ಲಿ ಸೂಜಿಯಲ್ಲಿ ಚೂರು ತೆಗೆದರು, ಈ ಮಂಗಳವಾರ ಕರೆಸಿ ಹೇಳಿದರು. ಆ ಹೆಸರನ್ನು ನಾನು ಬರೆಯಲಾರೆ. ನನ್ನಮ್ಮನಿಗೆ ಬಂದದ್ದೇ. ಚಿಕ್ಕದಿದೆ, ಬೇಗ ಸಿಕ್ಕಿದೆ, ಹೆದರಬೇಡಿ ಅಂದರು. ಹಾಗಂದ ಮೇಲೆ ನನಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಡಿಸೆಂಬರ್ ಹನ್ನೊಂದು, ಗುರುವಾರ ಬೆಳಿಗ್ಗೆ ಆಪರೇಷನ್. ಅಮ್ಮನಿಗೆ ಹೇಳಬೇಡ, ಬಿಪಿ ಏರುತ್ತದೆ ಅಂತ ಸಂಪತ್ ನನ್ನ ಬಾಯಿ ಕಟ್ಟಿಹಾಕಿದ್ದಾರೆ. ಅವರದ್ದೂ ತಪ್ಪಲ್ಲ, ಪಾಪ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ಸಿಂಕಿನ ಮುಂದೆ ನಿಂತಿರುತ್ತಾರೆ. ಅವರಿಗೆ ಹೇಳದೆ ನಿಮಗೆ ಬರೆಯುತ್ತಿದ್ದೇನೆ. ನನಗೆ ತುಂಬ ಭಯವಾಗಿದೆ ಅತ್ತೆ. ಶಿಶಿರನ ತಲೆ ಬಾಚುವಾಗ ಮನಸ್ಸು ಎಲ್ಲೋ ಹೋಗಿ ಬಾಚಣಿಗೆಯನ್ನು ಸಿಕ್ಕಿನಲ್ಲೇ ಎಳೆಯುತ್ತಿರುತ್ತೇನೆ. "ಮಮ್ಮಿ, ಯು ಆರ್ ಪುಲ್ಲಿಂಗ್" ಅನ್ನುತ್ತಾನೆ. ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಮ್ಮ ಹಳೆಯ ಸ್ವೆಟರಿಗೆ ಮುಖ ಒತ್ತಿ ಅತ್ತುಬರುತ್ತೇನೆ.

ಅಡುಗೆಗೆ, ಮಗು ನೋಡಿಕೊಳ್ಳುವುದಕ್ಕೆ ಜನ ಬೇಕು ಅಂತ ಕರೆಯುತ್ತಿದ್ದಾಳೆ ಅಂದುಕೊಳ್ಳಬೇಡಿ. ಅದಕ್ಕೆಲ್ಲ ಇಲ್ಲಿ ಜನ ಇದ್ದಾರೆ. ವಂದನಾಳ ಅಕ್ಕ ಊಟ ಕಳಿಸುತ್ತೇನೆ ಅಂದಿದ್ದಾಳೆ, ಇಲ್ಲೇ ಹತ್ತಿರದ ಪ್ರಿಯಾಂಕಾ ಶಿಶಿರನನ್ನು ಸ್ಕೂಲಿನಿಂದ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ನನಗೆ ಬೇಕಾಗಿರುವುದು ನೀವು. ಆ ಸ್ಪ್ರಿಂಗಿನ ಕೈಯನ್ನು ನಿನ್ನೆ ನಾನೇ ಸ್ಟೂಲ್ ಹತ್ತಿ ಬಿಚ್ಚಿ ಕಸದ ಬಿನ್ನಿಗೆ ಎಸೆದೆ. ಸಂಪತ್ ಬೈದರು, ಆಮೇಲೆ ನನ್ನ ಮುಖ ನೋಡಿ ಸ್ಟೂಲನ್ನು ತಾವೇ ಎತ್ತಿ ಒಳಗಿಟ್ಟರು. ಬೀಗ ತಾನಾಗಿ ಬೀಳುವುದನ್ನೂ ನಿಲ್ಲಿಸಿದ್ದೇನೆ. ನಿಮ್ಮ ಬೆರಳನ್ನು ಅದರಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ನಿಮ್ಮ ವೀಸಾ ಇನ್ನೂ ಇದೆ. ಬಂದು ಬೇಕಾದಷ್ಟು ಬೈಯಿರಿ, ನಾನೂ ಒಂದೆರಡು ಮಾತು ಆಡುತ್ತೇನೆ, ಇಬ್ಬರೂ ಕೂತು ಅಳೋಣ. ಆದರೆ ಬನ್ನಿ.

ಶೋಭಕ್ಕನಿಗೆ ನನ್ನ ನೆನಪು ಹೇಳಿ. ಶಿಶಿರ್ ಅಜ್ಜಿಗೆ ಮುತ್ತು ಕಳಿಸಿದ್ದಾನೆ, ಕಾಗದದ ಮೂಲೆ ಒದ್ದೆಯಾಗಿರುವುದು ಅವನಿಂದಲೇ. ನಿಮ್ಮ ಪಾದ ಮುಟ್ಟಿ ನಮಸ್ಕರಿಸುತ್ತೇನೆ. ಕೋಪ ಇದ್ದರೂ ಇಲ್ಲಿಂದಲೇ ಕೈಯೊಡ್ಡಿದ್ದೇನೆ, ಆಶೀರ್ವಾದ ಮಾಡಿಬಿಡಿ.

ನಿಮ್ಮ
ಶರ್ಮಿಳಾ

ಮತ್ತೆ: ಕಾಗದ ತೆಗೆದುಕೊಳ್ಳಲು ಬಂದ ವಂದನಾ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಳೆ. ಬರೆಯಬೇಕಾದದ್ದನ್ನೇ ಬರೆದಿಲ್ಲ. ಆ ಗುರುವಾರ ಸಂಪತ್ ನನ್ನ ಜೊತೆಗೇ ಬರುತ್ತಾರೆ, ಶಿಶಿರನನ್ನು ಹಿಂದಿನ ಸಂಜೆಯೇ ಪ್ರಿಯಾಂಕಾಳ ಮನೆಗೆ ಬಿಡುತ್ತೇವೆ. ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಅಪ್ಪ ಮಾಡಿದ ಹಾಗೆಯೇ ಬೀಗ ಹಾಕಿ, ಜಗ್ಗಿ ನೋಡಿ ಹೊರಡಬೇಕು. "ನಿನ್ನ ಸಮಾಧಾನಕ್ಕೆ ಅಕ್ಕಿ ಚೀಲ ಇಟ್ಟು ಬಾಗಿಲು ತೆರೆದೇ ಹೋಗೋಣ, ಕಳ್ಳರು ಬಂದರೆ ಬರಲಿ" ಅನ್ನುತ್ತಾರೆ ನಿಮ್ಮ ಮಗ. ಚೀಲ ಬಾಗಿಲು ಹಿಡಿಯುತ್ತದೆ ಅತ್ತೆ, ನಾನು ವಾಪಸ್ ಬರಲಿ ಅಂತ ಅದು ನಿಂತಿರುವುದಿಲ್ಲ. ನೀವು ಬಂದು ಆ ಹೊಸ್ತಿಲ ಮೇಲೆ ನಿಂತುಕೊಳ್ಳಿ. ನಾನು ತಿರುಗಿ ನೋಡುವುದಿಲ್ಲ, ನೀವೂ ಕೂಗಬೇಡಿ. ಮೂಲೆ ಮನೆ ದಾಟುವವರೆಗೆ ಬಾಗಿಲು ಹಿಡಿದುಕೊಂಡಿರಿ, ಅಷ್ಟೇ.